ನೂರೆಂಟಕ್ಕೆ ಒಪ್ಪದ ಲಕ್ಷ

ಅನುಷಾ, ದರ್ಶನ್, ನಿಧಿ, ಇದನ್ನು ಮೂವರೂ ಒಟ್ಟಿಗೆ ಕೂತು ಓದಬೇಕು. ನಿಧಿಗೆ ನನ್ನ ಕೈಬರಹ ತಿಳಿಯದಿದ್ದರೆ ಅಕ್ಕ ಓದಿ ಹೇಳಲಿ. ಹೋದ ರಜೆಯಲ್ಲಿ ದರ್ಶನ್ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು, ಏಳು ಲಕ್ಷ ನಲವತ್ತಮೂರು ಸಾವಿರದ ಎಂಟುನೂರ ಹದಿನಾರು ಎಂಬ ಸಂಖ್ಯೆ ಒಂಬತ್ತರಿಂದ ಭಾಗವಾಗುತ್ತದೆಯೇ ಎಂದು ಲೆಕ್ಕ ಹಾಕುತ್ತಿದ್ದ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ನಾನು ಬಾಯಿ ತಪ್ಪಿ, ಆಗುವುದಿಲ್ಲ, ಎರಡು ಉಳಿಯುತ್ತದೆ ಎಂದುಬಿಟ್ಟೆ. ಅವನು ಫೋನಿನಲ್ಲಿ ಒತ್ತಿ ನೋಡಿ ನನ್ನ ಮುಖ ನೋಡಿದ. ಅಜ್ಜಿ, ನಿನಗೆ ಹೇಗೆ ಗೊತ್ತು ಎಂದು ಮೂವರೂ ಮುತ್ತಿಕೊಂಡಿರಿ. ನಾನು ಹಾಲು ಉಕ್ಕುತ್ತದೆ ಎಂದು ಒಳಗೆ ಎದ್ದುಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ. ನಾಲ್ಕು ಜನ ನನ್ನ ಮುಖ ನೋಡುತ್ತಿದ್ದರೆ ನನಗೆ ಮಾತು ಬರುವುದಿಲ್ಲ, ಚಿಕ್ಕಂದಿನಿಂದಲೂ ಹಾಗೇ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ನೋಡುತ್ತಿರುವುದಿಲ್ಲ.

ನಮ್ಮ ಮನೆ ಕುಶಾಲನಗರದಿಂದ ಎರಡು ಮೈಲಿ ದೂರದಲ್ಲಿ, ಹೊಳೆಗೆ ಹತ್ತಿರವಾಗಿ ಇತ್ತು. ಆಗ ಕೊಡಗು ಬೇರೆಯೇ ರಾಜ್ಯ. ಹೊಳೆಯ ಸೇತುವೆ ದಾಟಿದರೆ ಮೈಸೂರು ರಾಜ್ಯ. ನಮ್ಮ ನೆಂಟರೆಲ್ಲ ಆಚೆಯ ದಡದಲ್ಲಿದ್ದರು, ಏಕೆಂದರೆ ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು. ಕೊಡಗು ಎಂದರೆ ನೀವು ಕಾಫಿ ಎಂದುಕೊಳ್ಳುತ್ತೀರಿ. ನಮ್ಮ ಮನೆಯಲ್ಲಿ ಕಾಫಿ ಗಿಡ ಒಂದೂ ಇರಲಿಲ್ಲ. ರಾಗಿ, ಹುರುಳಿ, ಹೊಳೆಯ ಬದಿಯಲ್ಲಿ ಒಂದಿಷ್ಟು ಭತ್ತ, ಇಷ್ಟೇ. ಮನೆಯ ಮುಂದೆ ಜಗಲಿ, ಒಳಗೆ ಉದ್ದನೆಯ ನಡುಮನೆ, ಅದರ ಬಲಕ್ಕೆ ಅಡುಗೆಮನೆ, ಹಿಂದೆ ಹಿತ್ತಿಲ ಬಾಗಿಲು. ಆ ಹಿತ್ತಿಲ ಬಾಗಿಲ ಹೊಸ್ತಿಲ ಹೊರಗೆ ಒಂದು ಗಿಡ್ಡ ಕಟ್ಟೆ ಇತ್ತು. ಆ ಕಟ್ಟೆ ನನ್ನ ಸಣ್ಣತ್ತೆಯ ಜಾಗ. ಸಣ್ಣತ್ತೆ ಎಂದರೆ ನನ್ನ ಅಪ್ಪನ ತಂಗಿ, ಹೆಸರು ಸಣ್ಣಮ್ಮ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನಗೆ ಒಂಬತ್ತು ಹತ್ತು ವಯಸ್ಸಾಗಿದ್ದಾಗ ಅವಳಿಗೆ ಇಪ್ಪತ್ತೈದು ಇದ್ದೀತು. ಮನೆಯಲ್ಲಿ ಉಳಿದ ಹೆಂಗಸರೆಂದರೆ ಅಪ್ಪನ ತಾಯಿ ಅಜ್ಜಿ, ದೊಡ್ಡಪ್ಪನ ಹೆಂಡತಿ ದೊಡ್ಡವ್ವ, ನನ್ನ ಅವ್ವ, ಮತ್ತು ನಾನು. ಗಂಡಸರು ಊಟಕ್ಕೆ ಬರುತ್ತಿದ್ದರು, ಉಂಡು ಹೋಗುತ್ತಿದ್ದರು. ಮನೆ ನಡೆಯುತ್ತಿದ್ದದ್ದು ಈ ಐವರ ನಡುವೆ.

ಒಂದು ವರ್ಷ ಅಪ್ಪ ಎಸ್ಟೇಟಿನವರ ಕಾಫಿ ಮೂಟೆ ಸಾಗಿಸಲು ಗಾಡಿ ಹೂಡಿಕೊಂಡು ಸುಂಟಿಕೊಪ್ಪದ ಕಡೆ ಹೋದವನು ಚಳಿಜ್ವರ ಹತ್ತಿಸಿಕೊಂಡು ಬಂದ. ಆಗ ಅವ್ವ ನನ್ನ ತಮ್ಮನ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಅಪ್ಪ ಎದ್ದು ಕೂರಲಾರದೆ ತಿಂಗಳುಗಟ್ಟಲೆ ಮಲಗಿದ. ನಡುಮನೆಯ ಮೂಲೆಯಲ್ಲಿ ಅವನ ಹಾಸಿಗೆ. ಕಂಬಳಿ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುವ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಅವನ ತಲೆದೆಸೆಯಲ್ಲಿ ಕೂತು ಗಂಜಿ ಕುಡಿಸಿದವಳು, ಬೆವರು ಒರೆಸಿದವಳು, ಬಟ್ಟೆ ಒಗೆದವಳು ಸಣ್ಣತ್ತೆ. ಬೇರೆ ಯಾರನ್ನೂ ಅವನು ಹತ್ತಿರಕ್ಕೆ ಬಿಡುತ್ತಿರಲಿಲ್ಲ. ಒಂದು ದಿನ ಅವನಿಗೆ ಯಾರ ಗುರುತೂ ಸಿಗದಂತಾದಾಗ ಅಜ್ಜಿ ಊರ ಈಶ್ವರನ ಗುಡಿಗೆ ಹೋಗಿ, ಮಗ ಎದ್ದರೆ ಮುಂದಿನ ಕಾರ್ತಿಕಕ್ಕೆ ಲಕ್ಷ ಬತ್ತಿ ಹಚ್ಚಿಸುತ್ತೇನೆ ಎಂದು ಹರಸಿಕೊಂಡು ಬಂದಳು. ಅಪ್ಪ ಎದ್ದ. ಮೊದಲು ಜಗಲಿಯವರೆಗೆ, ಆಮೇಲೆ ಕೊಟ್ಟಿಗೆಯವರೆಗೆ, ಆಮೇಲೆ ಹೊಲದವರೆಗೆ ಹೋದ.

ಲಕ್ಷ ಬತ್ತಿ ಎಂದರೆ ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ ಮಕ್ಕಳೇ. ಪಿರಿಯಾಪಟ್ಟಣದ ಸಂತೆಯಿಂದ ಅರಳೆ ತರಿಸಬೇಕು. ಅದನ್ನು ಹಿಂಜಿ, ಬೀಜದ ಚೂರು ಕಸ ತೆಗೆಯಬೇಕು. ಸೋಸಿದ ಬೂದಿಯನ್ನು ಬೆರಳಿಗೆ ಹಚ್ಚಿಕೊಂಡು, ಒಂದೊಂದು ಚಿಟಿಕೆ ಅರಳೆಯನ್ನು ಬೆರಳುದ್ದದ ಬತ್ತಿಯಾಗಿ ಹೊಸೆಯಬೇಕು. ಅಜ್ಜಿ ಗುಡಿಯ ಅರ್ಚಕರನ್ನು ಕೇಳಿದಾಗ ಅವರು ನೂರೆಂಟು ನೂರೆಂಟರ ಕಟ್ಟು ಕಟ್ಟಿ, ನೂರೆಂಟು ಶ್ರೇಷ್ಠ ಎಂದರು. ಎಷ್ಟು ಕಟ್ಟು ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಯುಗಾದಿ ಕಳೆದ ಮೇಲೆ ಶುರುವಾಯಿತು. ದೊಡ್ಡವ್ವ ದಿನಕ್ಕೆ ಎರಡು ಕಟ್ಟು, ಅವ್ವ ಎರಡು, ಶಾಲೆಯಿಂದ ಬಂದ ಮೇಲೆ ನಾನು ಒಂದು. ಮುಟ್ಟಿನ ದಿನಗಳಲ್ಲಿ, ನಾಟಿಯ ದಿನಗಳಲ್ಲಿ ಬಿಡುವು. ಪ್ರತಿ ಕಟ್ಟಿಗೂ ಅರಿಶಿನದ ದಾರ ಸುತ್ತಿ, ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿ, ಬಿದಿರಿನ ಬುಟ್ಟಿಗೆ ಹಾಕುವುದು. ಒಂದು ಕಟ್ಟಿಗೆ ಒಂದರಂತೆ ಅಡುಗೆಮನೆಯ ಗೋಡೆಯ ಮೇಲೆ ನಾನು ಸುಣ್ಣದ ಚುಕ್ಕಿ ಇಡಬೇಕು. ಶಾಲೆಗೆ ಹೋಗುವವಳು ನಾನೊಬ್ಬಳೇ ಆದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಹೊಗೆಗೆ ಕಪ್ಪಾದ ಗೋಡೆಯ ಮೇಲೆ ಆ ಚುಕ್ಕಿಗಳು ಸಾಲು ಸಾಲಾಗಿ ಹೆಚ್ಚುತ್ತ ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ದೊಡ್ಡವ್ವ ಮುದ್ದೆ ತೊಳಸುತ್ತಲೇ ಕತ್ತು ಹೊರಳಿಸಿ, ತನ್ನ ಚುಕ್ಕಿ ಇಟ್ಟೆನೋ ಇಲ್ಲವೋ ಎಂದು ನೋಡಿಕೊಳ್ಳುತ್ತಿದ್ದಳು.

ಅಜ್ಜಿ ಹರಸಿಕೊಂಡವಳಾದರೂ ಒಂದು ಬತ್ತಿಯನ್ನೂ ಹೊಸೆಯಲಿಲ್ಲ. ನನ್ನ ತಾತ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದ. ಗಂಡನಿಲ್ಲದ ಕೈ ಬತ್ತಿಗೆ ಬೇಡ ಎಂದು ಯಾರೂ ಅವಳಿಗೆ ಹೇಳಲಿಲ್ಲ, ತಾನೇ ಅಂದುಕೊಂಡು ದೂರ ಕೂತಳು. ಅವಳು ದೂರ ಕೂತ ಮೇಲೆ ಸಣ್ಣತ್ತೆಯ ಮಾತೇ ಬರಲಿಲ್ಲ. ನಾವು ಮೂವರು ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಹೊಸೆಯುತ್ತಿದ್ದರೆ ಸಣ್ಣತ್ತೆ ಹಿತ್ತಿಲ ಕಟ್ಟೆಯ ಮೇಲೆ ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಮನೆಯಲ್ಲೆಲ್ಲ ಅವಳ ಬೆರಳು ಸಪೂರ. ಹಿಂದೆ ದೀಪದ ಬತ್ತಿ ಹೊಸೆಯುವುದನ್ನು ನನಗೆ ಕಲಿಸಿದವಳೂ ಅವಳೇ. ಮೊರದ ಮೇಲೆ ಬಗ್ಗಿದ್ದಾಗ ಅವಳ ಎಡಗೈಯ ಹೆಬ್ಬೆರಳೂ ತೋರುಬೆರಳೂ ಸುಮ್ಮನಿರುತ್ತಿರಲಿಲ್ಲ. ಏನೂ ಇಲ್ಲದ ಗಾಳಿಯನ್ನು ಹೊಸೆಯುತ್ತಿದ್ದವು. ಅದನ್ನು ನಾನು ನೋಡಿದೆ ಎಂದು ಗೊತ್ತಾದ ದಿನ ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ತಾನಾಗಿಯೇ ಹೇಳಿದಳು.

"ಒಂದಾದ್ರೂ ಹೊಸೀಬೇಕು ಅಂತ ಆಸೆ ಕಣ್ ಮಗ. ಅಣ್ಣನ ಹೆಸರಲ್ಲಿ. ಲಕ್ಷದಾಗೆ ಒಂದು."

ನನ್ನ ಕಟ್ಟಿನಲ್ಲಿ ಸೇರಿಸಿಕೊಳ್ಳುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ನಾನು ಪಿಸುಗುಟ್ಟಿದೆ. ಲಂಗದ ಮಡಿಕೆಯಲ್ಲಿ ಒಂದು ಹಿಡಿ ಅರಳೆಯನ್ನೂ ಕದ್ದು ತಂದಿದ್ದೆ. ಅವಳು ಅದನ್ನು ಮುಟ್ಟಲಿಲ್ಲ.

"ಕದ್ದು ಬ್ಯಾಡ. ನಿಮ್ಮಜ್ಜಿ ಬಾ ಅನ್ನಬೇಕು."

ಆ ವರ್ಷವೇ ನಮ್ಮ ಶಾಲೆಗೆ ಮಂಗಳೂರು ಕಡೆಯ ಒಬ್ಬರು ಮೇಷ್ಟ್ರು ಬಂದಿದ್ದರು. ಅವರ ಕನ್ನಡ ಪುಸ್ತಕದ ಹಾಗೆ ಇತ್ತು. ಮೊದಮೊದಲು ನಮಗೆ ನಗು ಬರುತ್ತಿತ್ತು. ಲೆಕ್ಕವೆಂದರೆ ಅವರಿಗೆ ಪ್ರಾಣ. ಯಾವ ಸಂಖ್ಯೆಯನ್ನಾದರೂ ಒಂಬತ್ತರಿಂದ ಭಾಗಿಸಿದರೆ ಎಷ್ಟು ಉಳಿಯುತ್ತದೆ ಎಂದು ತಿಳಿಯಲು ಭಾಗಿಸಬೇಕಾಗಿಲ್ಲ, ಅದರ ಅಂಕಿಗಳನ್ನು ಕೂಡಿದರೆ ಸಾಕು, ಕೂಡಿ ಬಂದದ್ದು ದೊಡ್ಡದಾದರೆ ಮತ್ತೆ ಕೂಡಿ ಎಂದು ಒಂದು ದಿನ ಹೇಳಿಕೊಟ್ಟರು. ಒಂಬತ್ತು ಬಂದರೆ ಏನೂ ಉಳಿಯುವುದಿಲ್ಲ ಎಂದರ್ಥ. ಹುಡುಗರು ಸ್ಲೇಟಿನ ತುಂಬ ದೊಡ್ಡ ದೊಡ್ಡ ಸಂಖ್ಯೆ ಬರೆದು ಪರೀಕ್ಷೆ ಮಾಡಿದರು. ನನಗೆ ನೆನಪಾದದ್ದು ನಮ್ಮ ಕಟ್ಟು. ನೂರೆಂಟು ಎಂದರೆ ಒಂದು, ಸೊನ್ನೆ, ಎಂಟು. ಕೂಡಿದರೆ ಒಂಬತ್ತು. ಎರಡು ಕಟ್ಟು ಇನ್ನೂರ ಹದಿನಾರು, ಅದೂ ಒಂಬತ್ತು. ಲಕ್ಷ ಬರೆದೆ. ಒಂದರ ಮುಂದೆ ಐದು ಸೊನ್ನೆ. ಕೂಡಿದರೆ ಒಂದೇ ಒಂದು. ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಮೇಷ್ಟ್ರನ್ನು ಕೇಳಲು ಎದ್ದು ನಿಲ್ಲಬೇಕಾಗಿತ್ತು, ಎದ್ದು ನಿಲ್ಲಲು ನನಗೆ ಧೈರ್ಯ ಬರಲಿಲ್ಲ. ಸ್ಲೇಟನ್ನು ಅಳಿಸದೆ ಹಾಗೆಯೇ ಎದೆಗೆ ಒತ್ತಿಕೊಂಡು ಮನೆಗೆ ಬಂದೆ. ಹಿತ್ತಿಲ ಕಟ್ಟೆಗೆ ಬರುವಷ್ಟರಲ್ಲಿ ಅಂಕಿ ಅರ್ಧ ನನ್ನ ರವಿಕೆಗೆ ಬಳಿದುಹೋಗಿತ್ತು.

ಸಣ್ಣತ್ತೆಗೆ ಅಕ್ಷರ ಬರುತ್ತಿರಲಿಲ್ಲ. ನಾನು ಹೇಳಿದ್ದನ್ನು ಕೇಳಿ, ಅಂಕಿ ಕೂಡಿದರೆ ಯಾಕೆ ಹಾಗಾಗುತ್ತದೆ ಎಂದು ಕೇಳಿದಳು. ಮೇಷ್ಟ್ರು ಅದನ್ನು ಹೇಳಿರಲಿಲ್ಲ, ನನಗೆ ಗೊತ್ತಿರಲಿಲ್ಲ. ಅವಳು ಎದ್ದುಹೋಗಿ ಹುಣಸೆಬೀಜದ ಗಡಿಗೆ ತಂದಳು. ಹತ್ತು ಬೀಜ ಎಣಿಸಿಟ್ಟು ಒಂಬತ್ತನ್ನು ಒಂದು ಕಡೆಗೆ ಸರಿಸಿದಳು. ಒಂದು ಉಳಿಯಿತು. ಹತ್ತು ಹತ್ತರ ಹತ್ತು ಗುಂಪು ಮಾಡಿ ನೂರು ಇಟ್ಟಳು. ಒಂದೊಂದು ಗುಂಪಿನಿಂದಲೂ ಒಂಬತ್ತನ್ನು ಸರಿಸಿದಾಗ ಗುಂಪಿಗೊಂದರಂತೆ ಹತ್ತು ಉಳಿದವು. ಆ ಹತ್ತರಲ್ಲಿ ಮತ್ತೆ ಒಂಬತ್ತು ಸರಿಸಿದಳು. ಮತ್ತೆ ಒಂದೇ ಉಳಿಯಿತು. ಸಾವಿರಕ್ಕೆ ಬೀಜ ಸಾಲಲಿಲ್ಲ. ಅವಳಿಗೆ ಬೇಕಾಗಲೂ ಇಲ್ಲ. ಆ ಒಂದು ಬೀಜವನ್ನು ಅಂಗೈಯಲ್ಲಿ ಇಟ್ಟು ನನ್ನ ಮುಂದೆ ಹಿಡಿದಳು.

"ನೂರರಲ್ಲಿ ಒಂದು ಉಳೀತು ಅಂದ್ರೆ, ಸಾವಿರದಲ್ಲಿ ಅಂಥ ಹತ್ತು ಉಳೀತದೆ. ಆ ಹತ್ತರಲ್ಲೂ ಒಂದು ಉಳೀತದೆ. ಲಕ್ಷಕ್ಕೆ ಹೋದ್ರೂ ಅಷ್ಟೆ ಕಣ್ ಮಗ. ಎಲ್ಲೀಗಂಟ ಹೋದ್ರೂ ಈ ಒಂದು ಹೋಗದಿಲ್ಲ."

ಆಮೇಲೆ ನೂರೆಂಟು ಬೀಜ ಎಣಿಸಿ ಒಂಬತ್ತೊಂಬತ್ತಾಗಿ ಸರಿಸಿದಳು. ಹನ್ನೆರಡು ಗುಂಪಾಯಿತು, ಒಂದೂ ಉಳಿಯಲಿಲ್ಲ. ಆಗ ನಮಗಿಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ನೂರೆಂಟರ ಕಟ್ಟು ಎಷ್ಟು ಕಟ್ಟಿದರೂ ಅದು ಒಂಬತ್ತೊಂಬತ್ತಾಗಿ ಮುಗಿದುಹೋಗುತ್ತದೆ. ಲಕ್ಷದಲ್ಲಿ ಯಾವಾಗಲೂ ಒಂದು ಮಿಗುತ್ತದೆ. ಅಂದ ಮೇಲೆ ನೂರೆಂಟರ ಕಟ್ಟು ಕಟ್ಟುತ್ತ ಕಟ್ಟುತ್ತ ಸರಿಯಾಗಿ ಲಕ್ಷಕ್ಕೆ ಬಂದು ನಿಲ್ಲುವುದು ಸಾಧ್ಯವೇ ಇಲ್ಲ. ಗೋಡೆಯ ಮೇಲೆ ಆಗ ಎಂಟುನೂರಕ್ಕೂ ಹೆಚ್ಚು ಚುಕ್ಕಿ ಇದ್ದವು. ನಾನು ಸ್ಲೇಟಿನ ಮೇಲೆ ಭಾಗಾಕಾರ ಮಾಡಿದೆ. ಒಂಬೈನೂರ ಇಪ್ಪತ್ತೈದು ಕಟ್ಟಿಗೆ ತೊಂಬತ್ತೊಂಬತ್ತು ಸಾವಿರದ ಒಂಬೈನೂರು ಬತ್ತಿ. ಲಕ್ಷಕ್ಕೆ ನೂರು ಕಡಿಮೆ. ಇನ್ನೊಂದು ಕಟ್ಟು ಕಟ್ಟಿದರೆ ಲಕ್ಷದ ಎಂಟು. ನಾನು ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ ಬಂತು.

ಇದನ್ನು ಮನೆಯಲ್ಲಿ ಹೇಳುವುದಕ್ಕೆ ನನಗೆ ನಾಲ್ಕು ದಿನ ಬೇಕಾಯಿತು. ಮೊದಲು ಅವ್ವನಿಗೆ ಹೇಳಿದೆ. ಅವ್ವ ಬಾಯಿ ಮೇಲೆ ಬೆರಳಿಟ್ಟು ಸುಮ್ಮನಿರು ಎಂದಳು. ಆದರೆ ದೊಡ್ಡವ್ವನಿಗೆ ಅದು ಕೇಳಿಸಿತು. ಆರು ತಿಂಗಳು ಬೆರಳ ಚರ್ಮ ಸುಲಿಯುವ ಹಾಗೆ ಹೊಸೆದಿದ್ದೇವೆ, ಈಗ ಲಕ್ಷ ಆಗುವುದಿಲ್ಲ ಎಂದರೆ ಏನರ್ಥ, ಕಟ್ಟುತ್ತ ಹೋದರೆ ಆಗಲೇಬೇಕು, ನಡೆಯುತ್ತ ಹೋದರೆ ಮಡಿಕೇರಿ ಬರುವುದಿಲ್ಲವೇ ಎಂದು ಕೇಳಿದಳು. ಬರುತ್ತದೆ ದೊಡ್ಡವ್ವ, ಆದರೆ ನಮ್ಮ ಹೆಜ್ಜೆ ಮಡಿಕೇರಿಯ ಹೊಸ್ತಿಲ ಮೇಲೆ ಸರಿಯಾಗಿ ಬೀಳುವುದಿಲ್ಲ, ಈಚೆ ಬೀಳುತ್ತದೆ, ಇಲ್ಲ ಆಚೆ ಬೀಳುತ್ತದೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆ ಉತ್ತರ ಹೊಳೆದದ್ದೇ ಎಷ್ಟೋ ವರ್ಷದ ಮೇಲೆ, ನಿಮ್ಮ ತಾತನ ಜೊತೆ ಬಸ್ಸಿನಲ್ಲಿ ಮಡಿಕೇರಿಗೆ ಹೋಗುವಾಗ.

ಅಜ್ಜಿ ಮಾತ್ರ ಬೈಯಲಿಲ್ಲ. ಎರಡು ಸಲ ಕೇಳಿ ತಿಳಿದುಕೊಂಡು ಅರ್ಚಕರಲ್ಲಿಗೆ ಹೋದಳು. ಅವರು ಬೆರಳು ಮಡಿಸಿ ಎಣಿಸಿ, ಮಗು ಹೇಳಿದ್ದು ಸರಿ, ಒಂದು ಕಟ್ಟು ಹೆಚ್ಚೇ ಮಾಡಿ, ಎಂಟು ಬತ್ತಿ ಹೆಚ್ಚಾದರೆ ದೇವರು ಬೇಡ ಎನ್ನುತ್ತಾನೆಯೇ ಎಂದರಂತೆ. ಅಜ್ಜಿಗೆ ಅದು ಒಪ್ಪಿಗೆಯಾಗಲಿಲ್ಲ. ಕೇಳಿಕೊಂಡದ್ದು ಲಕ್ಷ, ಮಗನನ್ನು ಕೊಟ್ಟದ್ದು ಲಕ್ಷಕ್ಕೆ, ಎಂಟು ಹೆಚ್ಚಾದರೆ ಇನ್ನೊಂದು ಲಕ್ಷಕ್ಕೆ ಕೈ ಹಾಕಿ ಅರ್ಧಕ್ಕೆ ಬಿಟ್ಟ ಹಾಗಾಗುತ್ತದೆ ಎಂಬುದು ಅವಳ ವಾದ. ಎಲ್ಲ ಬಿಚ್ಚಿ ನೂರು ನೂರಾಗಿ ಕಟ್ಟೋಣ, ಸರಿಯಾಗಿ ಸಾವಿರ ಕಟ್ಟಾಗುತ್ತದೆ ಎಂದು ಅವ್ವ ಹೇಳಿ ನೋಡಿದಳು. ಕುಂಕುಮ ಹಚ್ಚಿದ ಕಟ್ಟನ್ನು ಬಿಚ್ಚುವುದು ಹೇಗೆ ಎಂದು ಅಜ್ಜಿ ಕೇಳಿದಳು. ಕೊನೆಗೆ ನಿಶ್ಚಯವಾದದ್ದು ಇಷ್ಟು: ಒಂಬೈನೂರ ಇಪ್ಪತ್ತೈದು ಕಟ್ಟು, ಅದರ ಮೇಲೆ ನೂರು ಬಿಡಿ ಬತ್ತಿ.

ಕಾರ್ತಿಕ ಹುಟ್ಟುವ ಮೊದಲೇ ಕಟ್ಟುಗಳೆಲ್ಲ ಮುಗಿದವು. ಬುಟ್ಟಿಗಳನ್ನು ಸಾಲಾಗಿ ಜೋಡಿಸಿದೆವು. ಉಳಿದದ್ದು ಆ ನೂರು. ಅದನ್ನು ಹೊಸೆಯುವವರು ಯಾರು ಎಂಬುದರ ಮೇಲೆ ಮನೆಯಲ್ಲಿ ಜಗಳ ಹತ್ತಿತು. ಹಿರಿಯ ಸೊಸೆ ತಾನು, ಮುಗಿಸುವ ಕೈ ತನ್ನದಾಗಬೇಕು ಎಂದು ದೊಡ್ಡವ್ವ. ಉಳಿದದ್ದು ತನ್ನ ಗಂಡನ ಜೀವ, ಮುಗಿಸುವವಳು ತಾನು ಎಂದು ಅವ್ವ. ಅಲ್ಲಿಯವರೆಗೆ ದೊಡ್ಡವ್ವನ ಎದುರು ತಲೆ ಎತ್ತದ ಅವ್ವ ಅಂದು ಹೇಗೆ ಮಾತಾಡಿದಳೋ. ಎರಡು ದಿನ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದು ಹೊತ್ತು ಸಾರಿಗೆ ಇಬ್ಬರೂ ಉಪ್ಪು ಹಾಕಿದರು, ಇನ್ನೊಂದು ಹೊತ್ತು ಇಬ್ಬರೂ ಹಾಕಲಿಲ್ಲ. ಗಂಡಸರು ಏನೂ ಅನ್ನದೆ ಉಂಡು ಎದ್ದರು. ಸಣ್ಣತ್ತೆ ಹಿತ್ತಿಲ ಕಟ್ಟೆಯ ಮೇಲೆ ಎಲ್ಲವನ್ನೂ ಕೇಳಿಸಿಕೊಂಡು ಕೂತಿದ್ದಳು. ನೂರು ಬತ್ತಿಗೆ ಇಬ್ಬರು ಕಿತ್ತಾಡುತ್ತಿದ್ದಾರೆ, ಒಂದೇ ಒಂದು ಸಾಕು ಎನ್ನುವವಳು ಹೊಸ್ತಿಲ ಹೊರಗೆ ಇದ್ದಾಳೆ. ಇಡೀ ದಿನ ಯೋಚಿಸಿ ಒಂದು ಉಪಾಯ ಮಾಡಿದೆ. ಮರುದಿನ ಮಧ್ಯಾಹ್ನ ಎಲ್ಲರೂ ನಡುಮನೆಯಲ್ಲಿದ್ದಾಗ ಅಜ್ಜಿಯ ಎದುರು ನಿಂತೆ.

"ಅಜ್ಜಿ, ನೂರನ್ನ ಐದು ಜನಕ್ಕೆ ಹಂಚಬೇಕು. ತಲಾ ಇಪ್ಪತ್ತು. ಒಂದೂ ಮಿಗಲ್ಲ. ಮೂರು ಜನಕ್ಕೆ ಹಂಚಿದ್ರೆ ಒಂದು ಮಿಗ್ತದೆ, ಆರು ಜನಕ್ಕೆ ನಾಲ್ಕು, ಏಳು ಜನಕ್ಕೆ ಎರಡು. ಲಕ್ಷಾನೂ ಹಂಗೇ, ಐದಕ್ಕೆ ಮಾತ್ರ ಸರಿಯಾಗಿ ಒಪ್ತದೆ."

"ಐದು ಅಂದ್ರೆ ಯಾರ್ಯಾರು?"

"ದೊಡ್ಡವ್ವ, ಅವ್ವ, ನಾನು, ನೀನು." ಆಮೇಲೆ ಸ್ವರ ಇಳಿಯಿತು. "ಸಣ್ಣತ್ತೆ."

ಹಿತ್ತಿಲಲ್ಲಿ ಮೊರದ ಸದ್ದು ನಿಂತಿತು. ದೊಡ್ಡವ್ವ ಅವ್ವನ ಕಡೆ ನೋಡಿದಳು.

"ಕೂಸಿನ ಬಾಯಲ್ಲಿ ಯಾರೋ ಆಡಿಸ್ತಾವ್ರೆ."

ಅಜ್ಜಿ ಅವಳ ಮಾತಿಗೆ ಕಿವಿಗೊಡಲಿಲ್ಲ. ನನ್ನನ್ನು ಹತ್ತಿರಕ್ಕೆ ಕರೆದು ಮುಂಗೈ ಹಿಡಿದುಕೊಂಡಳು. ಅವಳ ಕೈ ಒರಟಾಗಿ, ಬೆಚ್ಚಗೆ ಇತ್ತು.

"ನಾಲ್ಕು ಜನಕ್ಕೆ ಹಂಚಿದ್ರೆ?"

"ಇಪ್ಪತ್ತೈದು."

"ಮಿಗ್ತದಾ?"

"ಇಲ್ಲ."

"ಇಬ್ಬರಿಗೆ ಹಂಚಿದ್ರೆ?"

"ಐವತ್ತು. ಮಿಗಲ್ಲ."

"ಮತ್ತೆ ಐದಕ್ಕೆ ಮಾತ್ರ ಅಂತ ಯಾಕಂದೆ?"

ನನಗೆ ಗೊತ್ತಿತ್ತು ಮಕ್ಕಳೇ. ಲಕ್ಷ ಎರಡಕ್ಕೆ ಒಪ್ಪುತ್ತದೆ, ನಾಲ್ಕಕ್ಕೆ ಒಪ್ಪುತ್ತದೆ, ಎಂಟಕ್ಕೆ, ಹದಿನಾರಕ್ಕೆ, ಮೂವತ್ತೆರಡಕ್ಕೂ ಒಪ್ಪುತ್ತದೆ. ಸ್ಲೇಟಿನ ಮೇಲೆ ಎಲ್ಲ ಮಾಡಿ ನೋಡಿ, ಬೇಕಾದ್ದನ್ನು ಮಾತ್ರ ಹೇಳಿ ಉಳಿದದ್ದನ್ನು ಮುಚ್ಚಿಟ್ಟಿದ್ದೆ. ಓದು ಬಾರದ ಅಜ್ಜಿ ಎರಡು ಪ್ರಶ್ನೆಯಲ್ಲಿ ಅದನ್ನು ಹೊರಗೆ ತೆಗೆದಳು. ಲೆಕ್ಕದಲ್ಲಿ ಸುಳ್ಳು ಹೇಳಿದೆನಲ್ಲ ಎಂಬ ನಾಚಿಕೆಗೆ ಅಳು ಬಂತು. ಸಣ್ಣತ್ತೆಗೋಸ್ಕರ, ಅವಳಿಗೆ ಒಂದಾದರೂ ಹೊಸೆಯಬೇಕಂತೆ ಎಂದು ಅಳುತ್ತಲೇ ಹೇಳಿಬಿಟ್ಟೆ. ಅಜ್ಜಿ ನನ್ನ ಕೈ ಬಿಟ್ಟು, ಎದ್ದು ಜಗಲಿಗೆ ಹೋಗಿ ಕೂತಳು. ಅಂದು ಸಂಜೆ ಅವಳು ಊಟ ಮಾಡಲಿಲ್ಲ. ನಾನು ಸಣ್ಣತ್ತೆಗೆ ಮುಖ ತೋರಿಸದೆ ಅವ್ವನ ಮಗ್ಗುಲಲ್ಲಿ ಮಲಗಿದೆ. ಗುಟ್ಟನ್ನು ಎಲ್ಲರ ಎದುರು ಹೇಳಿ ಅವಳ ಮಾನ ಕಳೆದೆ ಎಂದೇ ನನಗೆ ಅನ್ನಿಸಿತ್ತು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಜ್ಜಿ ಮಿಂದು, ಒದ್ದೆ ಕೂದಲನ್ನು ಹಿಂದಕ್ಕೆ ಗಂಟು ಹಾಕಿಕೊಂಡು, ನಡುಮನೆಯಲ್ಲಿ ಚಾಪೆ ಹಾಸುತ್ತಿದ್ದಳು. ಅರಳೆಯ ಬುಟ್ಟಿಯನ್ನು ತಾನೇ ಎತ್ತಿ ತಂದು ನಡುವೆ ಇಟ್ಟಳು. ದೊಡ್ಡವ್ವ ಅಡುಗೆಮನೆಯ ಬಾಗಿಲಲ್ಲಿ, ಅವ್ವ ತಮ್ಮನನ್ನು ಕಂಕುಳಲ್ಲಿ ಇಟ್ಟುಕೊಂಡು ಕಂಬದ ಬಳಿ. ಅಜ್ಜಿ ಚಾಪೆಯ ಮೇಲೆ ಕೂತು ಹಿತ್ತಿಲ ಕಡೆಗೆ ತಿರುಗಿ ಕರೆದಳು.

"ಸಣ್ಣೀ, ಕೈಕಾಲು ತೊಳ್ಕೊಂಡು ಒಳಗೆ ಬಾ. ಇಬ್ಬರಿಗೆ ಸರಿಯಾಗಿ ಬತ್ತದಂತೆ. ನಿಂಗೈವತ್ತು, ನಂಗೈವತ್ತು."

ಸಣ್ಣತ್ತೆ ಬಂದು ಹಿತ್ತಿಲ ಬಾಗಿಲಲ್ಲಿ ನಿಂತಳು. ಒಳಗೆ ಕಾಲಿಡಲಿಲ್ಲ. ದೊಡ್ಡವ್ವ ಎರಡು ಹೆಜ್ಜೆ ಮುಂದೆ ಬಂದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಹೆದರಿಕೆ ಇತ್ತು. ಅವಳನ್ನು ಕೆಟ್ಟವಳೆಂದು ನೀವು ತಿಳಿಯಬಾರದು. ಹುಟ್ಟಿದ ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟವಳು ಅವಳು. ಯಾವ ಶಾಸ್ತ್ರ ಎಲ್ಲಿ ತಪ್ಪಿತೋ ಎಂದು ಎರಡು ಸಲವೂ ಹುಡುಕಿದವಳು.

"ಬ್ಯಾಡ ಅತ್ತೆ. ನಾಳೆ ಏನಾದ್ರೂ ಆದ್ರೆ ಯಾರು ಹೊಣೆ?"

"ನಾನು."

ಅಜ್ಜಿ ಅರಳೆಯನ್ನು ಎರಡು ಪಾಲು ಮಾಡುತ್ತಲೇ ಇದ್ದಳು.

"ಹರಸಿಕೊಂಡೋಳು ನಾನು. ಅವನಿಗೆ ಗಂಜಿ ಹೊಯ್ದು ಬದುಕಿಸಿಕೊಂಡೋಳು ಇವಳು. ಆವತ್ತು ಈ ಕೈ ಬ್ಯಾಡ ಅಂತ ಯಾರಾದ್ರೂ ಅಂದ್ರಾ? ನಾನೂ ಅನ್ನಲಿಲ್ಲ. ನೂರೆಂಟರ ಲೆಕ್ಕಕ್ಕೆಲ್ಲ ನಿಮ್ಮ ಕೈ ಆಯ್ತು. ಈ ನೂರು ಅದಕ್ಕೆ ಸೇರಾಕಿಲ್ಲ. ಆದ್ರೆ ಇದಿಲ್ಲದೆ ಲಕ್ಷ ಆಗಾಕಿಲ್ಲ."

ಸಣ್ಣತ್ತೆ ಬಂದು ಕೂತಳು. ಅಜ್ಜಿ ಅರಳೆಯನ್ನು ಅವಳ ಮಡಿಲಿಗೆ ಹಾಕಿದಳು. ಬೂದಿಯ ತಟ್ಟೆ ತರುವುದನ್ನು ಎಲ್ಲರೂ ಮರೆತಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ದೊಡ್ಡವ್ವ ಅದನ್ನು ತಂದು ಇಬ್ಬರ ನಡುವೆ ಇಟ್ಟು ಒಳಗೆ ಹೋದಳು. ಅಜ್ಜಿ ಬತ್ತಿ ಹೊಸೆದು ಎಷ್ಟು ವರ್ಷವಾಗಿತ್ತೋ, ಅವಳ ಬತ್ತಿಗಳು ಒಂದು ದಪ್ಪ, ಒಂದು ಸಣ್ಣ, ಒಂದು ಸೊಟ್ಟ. ಸಣ್ಣತ್ತೆಯವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ಒಂದು ಸಲ ಅಜ್ಜಿ ತನ್ನ ಒಂದು ಸೊಟ್ಟ ಬತ್ತಿಯನ್ನು ಎತ್ತಿ ಹಿಡಿದು ಇದನ್ನು ದೇವರು ಹಲ್ಲಿ ಎಂದುಕೊಂಡಾನು ಎಂದಳು. ಸಣ್ಣತ್ತೆ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು, ಬೂದಿಯ ಕೈ ತಗುಲಿ ಕೆನ್ನೆಯ ಮೇಲೆ ಬಿಳಿ ಗೆರೆ ಬಿತ್ತು. ಶಾಲೆಗೆ ಹೊತ್ತಾದರೂ ನಾನು ಹೋಗಲಿಲ್ಲ. ಮುಗಿದ ಮೇಲೆ ಎಣಿಸಿದೆ. ನೂರು ಇದ್ದವು. ಸಣ್ಣತ್ತೆ ಅವನ್ನು ಮತ್ತೆ ತಾನೇ ಎಣಿಸಿ, ಅರಿಶಿನದ ದಾರ ಸುತ್ತಿ, ಅಜ್ಜಿಯ ಕೈಗೆ ಕೊಟ್ಟಳು.

ಕಾರ್ತಿಕದ ಕಡೆಯ ಸೋಮವಾರ ಗುಡಿಯ ಅಂಗಳದಲ್ಲಿ ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆಯಲ್ಲಿ ಎಲ್ಲ ಕಟ್ಟುಗಳನ್ನೂ ಎಣ್ಣೆಯಲ್ಲಿ ನೆನೆಸಿ ಹಚ್ಚಿದರು. ಆ ಸಣ್ಣ ಕಟ್ಟನ್ನು ಎಲ್ಲಿ ಇಟ್ಟರು, ಮೇಲೋ ಅಡಿಯಲ್ಲೋ, ನಾನು ನೋಡಲಿಲ್ಲ. ಜನ ಬಹಳ ಇದ್ದರು, ನಾನು ಗಿಡ್ಡವಳು. ಬೆಂಕಿ ಏಳುವಾಗ ಅಪ್ಪ ಸಣ್ಣತ್ತೆಯ ಪಕ್ಕದಲ್ಲಿ ನಿಂತಿದ್ದದ್ದು ಮಾತ್ರ ಕಂಡಿತು. ಇದರಿಂದ ಎಲ್ಲವೂ ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಿಮ್ಮ ಮುಂದೆ ಇನ್ನೊಂದು ಸಲ ಲೆಕ್ಕದ ಸುಳ್ಳು ಹೇಳಲಾರೆ. ಆಮೇಲೆಯೂ ಮದುವೆ ಮುಂಜಿಗಳಲ್ಲಿ ಆರತಿಗೆ ಅವಳನ್ನು ಕರೆಯಲಿಲ್ಲ, ಅವಳೂ ಮುಂದೆ ಬರಲಿಲ್ಲ. ಆದರೆ ನಮ್ಮ ಮನೆಯ ದೀಪದ ಬತ್ತಿಯನ್ನು ಅವಳು ಇರುವವರೆಗೂ ಅವಳೇ ಹೊಸೆದಳು. ನಡುಮನೆಯಲ್ಲಿ ಕೂತು ಹೊಸೆದಳು.

ನಿಮ್ಮ ತಾತ ತೀರಿಕೊಂಡ ವರ್ಷ ದೀಪಾವಳಿಗೆ ಅನುಷಾ ಬತ್ತಿ ಮಾಡಿಕೊಡು ಅಜ್ಜಿ ಎಂದು ಹತ್ತಿ ಹಿಡಿದು ಬಂದಾಗ, ಬಂದಿದ್ದ ನೆಂಟರಲ್ಲಿ ಒಬ್ಬರು ಹುಬ್ಬು ಹಾರಿಸಿದ್ದನ್ನು ನಾನು ಕಂಡೆ. ಏನೂ ಹೇಳಲು ನನಗೆ ಬಾಯಿ ಬರಲಿಲ್ಲ. ಹತ್ತಿ ತೆಗೆದುಕೊಂಡು ಕೂತು ಹೊಸೆದೆ, ಅಷ್ಟೇ. ನನಗೆ ಅಷ್ಟು ಬಂದದ್ದು ಎಲ್ಲಿಂದ ಎಂದು ನಿಮಗೆ ಈಗ ತಿಳಿಯಿತು. ದರ್ಶನ್, ನಿನಗೆ ಒಂಬತ್ತರ ಲೆಕ್ಕ ಯಾಕೆ ಹಾಗೆ ಬರುತ್ತದೆ ಎಂದು ನಿಮ್ಮ ಶಾಲೆಯಲ್ಲಿ ಹೇಳದಿದ್ದರೆ, ನೂರು ಹುಣಸೆಬೀಜ ತೆಗೆದುಕೊಂಡು ಕೂತು ನೋಡು.

ಈ ಹಾಳೆಗಳನ್ನು ನನ್ನ ಟ್ರಂಕಿನಲ್ಲಿ, ಮೇಲಿನ ಸೀರೆಯ ಮಡಿಕೆಯಲ್ಲಿ ಇಟ್ಟಿರುತ್ತೇನೆ. ಕೊಡಗಿನ ತೇವಕ್ಕೆ ಕಾಗದ ಬೂಷ್ಟು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಸೊಪ್ಪು ಇಟ್ಟು ಮತ್ತೆ ಮುಚ್ಚಿಡಿ. ನನ್ನ ಬರಹ ಚೆನ್ನಾಗಿದೆ ಎಂದು ಕೇಳುತ್ತಿಲ್ಲ. ಸಣ್ಣತ್ತೆಗೆ ಮಕ್ಕಳಿರಲಿಲ್ಲ, ಅವಳು ಫೋಟೋ ತೆಗೆಸಿಕೊಂಡವಳಲ್ಲ, ಶಾಲೆಯ ದಾಖಲೆಯಲ್ಲಾಗಲಿ ಜಮೀನಿನ ಪತ್ರದಲ್ಲಾಗಲಿ ಅವಳಿಲ್ಲ. ಸಣ್ಣಮ್ಮ ಎಂದು ಅವಳ ಹೆಸರು ಬರೆದಿರುವ ಕಾಗದ, ನನಗೆ ತಿಳಿದ ಮಟ್ಟಿಗೆ, ಇದೊಂದೇ.